ಲಾರ್ಕ್ ಪಾರ್ಸರ್: ಬರೆದವರ ತಪ್ಪು ತಾನೇ ಹೇಳುತ್ತೆ, ವ್ಯಾಕರಣದ ಗೊಂದಲ ಕೇಳಿದರೆ ಮಾತ್ರ

ಎಂಟು ತಿಂಗಳಿಂದ ಲಾರ್ಕ್ ಬಳಸುತ್ತಿದ್ದೇನೆ. ಪೈಥಾನ್‌ನಲ್ಲಿ ಪಾರ್ಸರ್ (ಬರೆದದ್ದನ್ನು ವ್ಯಾಕರಣದ ಪ್ರಕಾರ ಬಿಡಿಸಿ ಓದುವ ಪ್ರೋಗ್ರಾಂ) ಮಾಡಲು ಇರುವ ಲೈಬ್ರರಿ ಇದು. ದುಡ್ಡು ಕೊಡಬೇಕಿಲ್ಲ, ಎಂಐಟಿ ಲೈಸೆನ್ಸ್. ವ್ಯಾಕರಣ ಬರೆದುಕೊಟ್ಟರೆ ಪಠ್ಯ ಓದಿ ಮರ ಕಟ್ಟಿಕೊಡುತ್ತದೆ. ಹಾಕಿಕೊಳ್ಳುವಾಗ 'ಲಾರ್ಕ್' ಅಂತಲೇ ಹಾಕಿಕೊಳ್ಳಿ. 'ಲಾರ್ಕ್-ಪಾರ್ಸರ್' ಅನ್ನುವ ಹಳೆಯ ಹೆಸರಿನ ಪ್ಯಾಕೇಜ್ ಈಗಲೂ ಸಿಗುತ್ತದೆ, ಆದರೆ ಅದು 0.12ಕ್ಕೇ ನಿಂತಿದೆ. ವೇಗದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ಎರಡೇ ವಿಷಯ. ಆ ವ್ಯಾಕರಣದಂತೆ ಸಾಲು ಬರೆಯುವವರು ತಪ್ಪು ಮಾಡಿದರೆ ಇದು ಏನು ಹೇಳುತ್ತದೆ? ವ್ಯಾಕರಣ ಬರೆದ ನಾನೇ ತಪ್ಪು ಮಾಡಿದರೆ ಏನು ಹೇಳುತ್ತದೆ?

ಕೆಲಸ ಏನಪ್ಪಾ ಅಂದರೆ, ನಮ್ಮ ಕಡೆಯ ಒಂದು ಹಾಲಿನ ಡೈರಿಗೆ ಲೆಕ್ಕದ ಸಣ್ಣ ಸಾಫ್ಟ್‌ವೇರ್. ಫ್ಯಾಟ್ ಇಷ್ಟಿದ್ದರೆ ಇಷ್ಟು ದರ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇಷ್ಟಿದ್ದರೆ ಇಷ್ಟು ದರ ಅನ್ನುವ ನಿಯಮಗಳು ಆಗಾಗ ಬದಲಾಗುತ್ತವೆ. ಪ್ರತಿ ಸಲ ನಾನು ಕೋಡ್ ಬದಲಾಯಿಸುವ ಬದಲು ಸೆಕ್ರೆಟರಿಯವರೇ ಕನ್ನಡದಲ್ಲಿ ಬರೆದುಕೊಳ್ಳಲಿ ಅಂತ ಒಂದು ಪುಟ್ಟ ನಿಯಮದ ಭಾಷೆ ಮಾಡಿದೆ. ಒಂದು ಸಾಲು ಹೀಗಿರುತ್ತದೆ:

ಫ್ಯಾಟ್ > 3.5 ಆದರೆ ದರ = 36

ಈಗ ಇದರಲ್ಲಿ 'ಆದರೆ' ಬಿಟ್ಟುಹೋಯಿತು ಅನ್ನಿ. ಲಾರ್ಕ್ ಅಲ್ಲೇ ನಿಲ್ಲುತ್ತದೆ. ಬೇಡದ ಜಾಗದಲ್ಲಿ 'ದರ' ಬಂದಿದೆ, ಇಂಥ ಸಾಲು, ಇಂಥ ಕಾಲಮ್, ಇಲ್ಲಿ ಬರಬೇಕಾಗಿದ್ದದ್ದು 'ಆದರೆ' ಅಂತ ಹೇಳುತ್ತದೆ. ಆ ಕೊನೆಯ ಮಾತು ನನಗೆ ತುಂಬಾ ಹಿಡಿಸಿತು. ವ್ಯಾಕರಣದಲ್ಲಿ ನೇರವಾಗಿ ಬರೆದ ಪದಗಳಿಗೆ ಲಾರ್ಕ್ ತಾನೇ ಹೆಸರಿಡುತ್ತದೆ, ಕನ್ನಡ ಪದವಾದರೆ ಆ ಕನ್ನಡ ಪದವೇ ಹೆಸರು. ಅದರ ಸೋರ್ಸ್ ಕೋಡ್ ತೆಗೆದು ನೋಡಿದೆ, ಭಾರತೀಯ ಭಾಷೆಗಳ ಸ್ವರಚಿಹ್ನೆಗಳೂ ನಡೆಯಬೇಕು ಅಂತ ಕಾಮೆಂಟ್‌ನಲ್ಲೇ ಬರೆದಿದ್ದಾರೆ. ಯಾರೋ ನಮ್ಮ ಕಾಗುಣಿತವನ್ನು ನೆನಪಿಟ್ಟುಕೊಂಡು ಬರೆದಿದ್ದಾರಲ್ಲ ಅಂತ ಖುಷಿಯಾಯಿತು.

ಆದರೂ ಕನ್ನಡಕ್ಕೆ ಬಳಸುವವರು ಮೂರು ಕಡೆ ಹುಷಾರಾಗಿರಬೇಕು.

ಮೊದಲನೆಯದು 'ಫ್ಯಾಟ್' ಥರದ ಹೆಸರುಗಳನ್ನು ಗುರುತಿಸುವ ಪ್ಯಾಟರ್ನ್. ಎಲ್ಲರೂ ಅಭ್ಯಾಸಬಲದಿಂದ 'ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ' (\w, ಪದದ ಯಾವುದೇ ಅಕ್ಷರ ಅನ್ನುವ ಗುರುತು) ಹಾಕಿಬಿಡುತ್ತಾರೆ. ಪೈಥಾನ್‌ನ ಮಾಮೂಲಿ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ ನಮ್ಮ ಒತ್ತು, ಗುಣಿತ ಯಾವುದೂ ಅಕ್ಷರ ಅಂತ ಗೊತ್ತಿಲ್ಲ. 'ಫ್ಯಾಟ್' ಅಂತ ಕೊಟ್ಟರೆ 'ಫ' ಓದಿ, 2ನೇ ಕಾಲಮ್‌ನಲ್ಲಿ ಒಂಟಿಯಾಗಿ ನಿಂತ ಹಲಂತವನ್ನು (ಅಕ್ಷರದ ಸ್ವರ ತೆಗೆಯುವ '್' ಚಿಹ್ನೆ) ತೋರಿಸಿ ಇದು ಯಾವ ಟರ್ಮಿನಲ್‌ಗೂ (ವ್ಯಾಕರಣದಲ್ಲಿ ಹೇಳಿದ ಪದ ಅಥವಾ ಪ್ಯಾಟರ್ನ್) ಹೊಂದುವುದಿಲ್ಲ ಅನ್ನುತ್ತದೆ. ಇದು ಪೈಥಾನ್‌ನ ಗುಣ, ಲಾರ್ಕ್‌ನದಲ್ಲ. ನಾನು ಯೂನಿಕೋಡ್‌ನ ಕನ್ನಡ ಬ್ಲಾಕ್ ಪೂರ್ತಿ ಸೇರಿಸಿ ಪ್ಯಾಟರ್ನ್ ಬರೆದೆ, ಸರಿಹೋಯಿತು.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ಅಷ್ಟಾದರೂ ಪೂರ್ತಿ ಸರಿಹೋಗಿರಲಿಲ್ಲ. 'ಎಸ್‌ಎನ್‌ಎಫ್' ಬಂದ ಕಡೆ ಮತ್ತೆ ಎರರ್, ಅದೂ ಖಾಲಿ ಉದ್ಧರಣ ಚಿಹ್ನೆಯ ಜೊತೆ. ಒಳಗೆ ಏನೂ ಕಾಣುವುದಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: 'ಸ್' ಆದ ಮೇಲೆ 'ಎ' ಬೇರೆಯಾಗಿ ನಿಲ್ಲಲಿ ಅಂತ ಕೀಬೋರ್ಡ್ ಹಾಕುವ ಶೂನ್ಯ ಅಗಲದ ಅಕ್ಷರ ಅದು. ಕಣ್ಣಿಗೆ ಕಾಣದು, ಫೈಲಿನಲ್ಲಿ ಇರುತ್ತದೆ, ಕನ್ನಡ ಬ್ಲಾಕ್‌ನ ಹೊರಗಿದೆ. ಅದನ್ನೂ ಪ್ಯಾಟರ್ನ್‌ಗೆ ಸೇರಿಸಿ. ಅಂಥ ಅಕ್ಷರವನ್ನು ಎರರ್‌ನಲ್ಲಿ ಅದರ ಕೋಡ್ ಸಮೇತ ತೋರಿಸಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಮೂರನೆಯದು ಆ ಮೇಲ್ಮುಖದ ಬಾಣದ ಗುರುತು. ತಪ್ಪಿರುವ ಸಾಲನ್ನು ತೋರಿಸಿ ಅದರ ಕೆಳಗೆ ಸರಿಯಾದ ಜಾಗಕ್ಕೆ ಬಾಣ ಇಡುವ ಸೌಲಭ್ಯ ಇದೆ. ಇಂಗ್ಲಿಷ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಬಾಣ ಬಲಕ್ಕೆ ಜಾರುತ್ತದೆ, ಯಾಕೆಂದರೆ ಅದು ಎಣಿಸುವುದು ಯೂನಿಕೋಡ್ ಕೋಡ್‌ಗಳನ್ನು. 'ಫ್ಯಾಟ್' ನಮ್ಮ ಕಣ್ಣಿಗೆ ಎರಡು ಅಕ್ಷರ, ಅದಕ್ಕೆ ಆರು. 'ಆದರೆ' ಬಿಟ್ಟ ಆ ಸಾಲಿನಲ್ಲಿ ಖಾಲಿ ಜಾಗ ಸೇರಿಸಿ ಎಣಿಸಿದರೆ 'ದರ' ಶುರುವಾಗುವುದು ನಮಗೆ 10ನೇ ಜಾಗದಲ್ಲಿ, ಲಾರ್ಕ್‌ಗೆ 14ರಲ್ಲಿ. ಸೆಕ್ರೆಟರಿಯವರು ಬಾಣ ನೋಡಿ '36' ತಪ್ಪು ಅಂದುಕೊಂಡು ಅದನ್ನು ಎರಡು ಸಲ ತಿದ್ದಿದರು. ಆಮೇಲೆ ಬಾಣ ತೆಗೆದೇಬಿಟ್ಟೆ. ಟೋಕನ್‌ನಲ್ಲಿ (ಪಾರ್ಸರ್ ಬಿಡಿಸಿಕೊಂಡ ಒಂದೊಂದು ಪದ) ಶುರು ಮತ್ತು ಕೊನೆಯ ಸ್ಥಾನ ಎರಡೂ ಇರುತ್ತವೆ, ಅದನ್ನು ಹಿಡಿದು ಆ ಪದಕ್ಕೇ ಕೆಂಪು ಬಣ್ಣ ಹಚ್ಚಿದೆ. ಈಗ ಯಾರಿಗೂ ಗೊಂದಲ ಇಲ್ಲ.

ಬಳಸುವವರಿಗೆ ಅರ್ಥವಾಗುವ ಮಾತಿನಲ್ಲಿ ಎರರ್ ಕೊಡಬೇಕು ಅಂದರೆ 'ಮ್ಯಾಚ್ ಎಕ್ಸಾಂಪಲ್ಸ್' ಅನ್ನುವುದನ್ನು ಖಂಡಿತ ನೋಡಿ. ಜನ ಮಾಡುವ ತಪ್ಪುಗಳ ಮಾದರಿಗಳನ್ನೇ ನಾವು ಬರೆದುಕೊಡುವುದು. "ಆದರೆ ಬಿಟ್ಟುಹೋಗಿದೆ" ಅನ್ನುವ ಹೆಸರಿನ ಕೆಳಗೆ ಎರಡು ಮೂರು ತಪ್ಪು ಸಾಲು, "ದರದ ಮುಂದೆ ಸಂಖ್ಯೆ ಇಲ್ಲ" ಅನ್ನುವುದರ ಕೆಳಗೆ ಇನ್ನೆರಡು. ಹೊಸ ತಪ್ಪು ಬಂದಾಗ ಪಾರ್ಸರ್ ಯಾವ ಸ್ಥಿತಿಯಲ್ಲಿ ಸಿಕ್ಕಿಬಿತ್ತು ಅಂತ ನೋಡಿ, ಅದೇ ಸ್ಥಿತಿಯಲ್ಲಿ ಸಿಕ್ಕಿಬಿದ್ದ ಮಾದರಿ ಹುಡುಕಿ, ಆ ಹೆಸರು ಕೊಡುತ್ತದೆ. ಸೆಕ್ರೆಟರಿಯವರಿಗೆ ನಮ್ಮ ಕನ್ನಡದ ಮಾತು ಮಾತ್ರ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಲೈಬ್ರರಿಯಲ್ಲಿ ಅತ್ಯಂತ ಒಳ್ಳೆಯ ಭಾಗ ಇದೇ. ಒಂದೇ ಕೊಸರು, ಸಾಲು ಅರ್ಧಕ್ಕೆ ನಿಂತಾಗ ನಾನು ಬಳಸುವ, ಲಾರ್ಕ್‌ನ ಓದುವ ವಿಧಾನಗಳಲ್ಲಿ ಒಂದಾದ ಎಲ್‌ಎಎಲ್‌ಆರ್ ಪಾರ್ಸರ್ ಕೊನೆಯ ಪದದ ಸ್ಥಾನವನ್ನೇ ಎರರ್‌ನ ಸ್ಥಾನವಾಗಿ ಕೊಡುತ್ತದೆ. ಸರಿಯಾಗಿರುವ ಪದಕ್ಕೆ ಕೆಂಪು ಬಣ್ಣ ಬೀಳುತ್ತದೆ. ಪಠ್ಯ ಮುಗಿಯಿತು ಅನ್ನುವ 'ಎಂಡ್' ಟೋಕನ್ ಬಂದರೆ ಬೇರೆ ಮಾತು ಹೇಳುವಂತೆ ಮಾಡಿಕೊಳ್ಳಿ.

ಈಗ ಎರಡನೇ ಪ್ರಶ್ನೆ. ನಿಯಮದೊಳಗೆ ನಿಯಮ ಬೇಕು ಅಂದಾಗ ಹೀಗೆ ಬರೆಯಲು ಬಿಟ್ಟೆ:

ಫ್ಯಾಟ್ > 3.5 ಆದರೆ ಎಸ್‌ಎನ್‌ಎಫ್ > 8.5 ಆದರೆ ದರ = 36 ಇಲ್ಲದಿದ್ದರೆ ದರ = 32

ಸೆಕ್ರೆಟರಿಯವರ ಮನಸ್ಸಿನಲ್ಲಿ ಇದ್ದದ್ದು: ಎರಡೂ ಚೆನ್ನಾಗಿದ್ದರೆ 36, ಫ್ಯಾಟೇ ಕಡಿಮೆಯಾದರೆ 32. ಆದರೆ ಆ 'ಇಲ್ಲದಿದ್ದರೆ' ಯಾವ 'ಆದರೆ'ಗೆ ಸೇರಿದ್ದು? ಹೊರಗಿನದಕ್ಕೋ, ಒಳಗಿನದಕ್ಕೋ? ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಬಹಳ ಹಳೆಯ ತೊಡಕು ಇದು, ಕಂಪೈಲರ್ ಓದಿದವರಿಗೆಲ್ಲ ಗೊತ್ತು. ಗೊತ್ತಿದ್ದೂ ನನ್ನ ಕಣ್ಣಿಗೆ ಬೀಳಲಿಲ್ಲ, ಲಾರ್ಕ್ ಕೂಡ ಏನೂ ಹೇಳಲಿಲ್ಲ. ಎಲ್‌ಎಎಲ್‌ಆರ್‌ನಲ್ಲಿ ಇಂಥ ಶಿಫ್ಟ್-ರೆಡ್ಯೂಸ್ ಗೊಂದಲ (ಮುಂದಿನ ಪದವನ್ನು ಸೇರಿಸಿಕೊಳ್ಳಬೇಕೋ, ಓದಿದ್ದನ್ನು ಒಂದು ರೂಲ್ ಆಗಿ ಮುಗಿಸಬೇಕೋ ಅನ್ನುವುದು) ಬಂದರೆ ಅದು ಸುಮ್ನೆ ಶಿಫ್ಟ್ ಮಾಡಿ ಮುಂದೆ ಹೋಗುತ್ತದೆ. ಅಂದರೆ ಒಳಗಿನ 'ಆದರೆ'ಗೇ ಸೇರಿಸುತ್ತದೆ. ಫ್ಯಾಟ್ 3.4 ಬಂದ ಹಾಲಿಗೆ ದರವೇ ಸಿಗಲಿಲ್ಲ. ಪರೀಕ್ಷೆಗೆ ತೆಗೆದ ಬಿಲ್‌ನಲ್ಲಿ ಒಬ್ಬರ ಏಳು ಲೀಟರ್ ಹಾಲಿನ ಮುಂದೆ ಸೊನ್ನೆ ರೂಪಾಯಿ. ಬಟವಾಡೆಗೆ ಮುಂಚೆ ಕಂಡಿತು, ಪುಣ್ಯ. ಬೆಳಗ್ಗೆ ಐದಕ್ಕೆ ಎದ್ದು ಕರೆದು ತಂದ ಹಾಲು ಅದು. ವ್ಯಾಕರಣ ಬರೆದದ್ದು ನಾನು, ತಪ್ಪು ನನ್ನದೇ.

ಲಾರ್ಕ್ ಇದನ್ನು ಮುಚ್ಚಿಟ್ಟಿಲ್ಲ, ಕೈಪಿಡಿಯಲ್ಲೇ ಬರೆದಿದೆ. ಎರಡು ರೂಲ್‌ಗಳ ನಡುವೆ ರೆಡ್ಯೂಸ್-ರೆಡ್ಯೂಸ್ ಗೊಂದಲ (ಓದಿದ್ದನ್ನು ಯಾವ ರೂಲ್ ಆಗಿ ಮುಗಿಸಬೇಕು ಅನ್ನುವುದು) ಬಂದರೆ ಶುರುವಿನಲ್ಲೇ ಎರರ್ ಕೊಡುತ್ತದೆ, ಯಾವ ರೂಲ್‌ಗಳು ಅಂತಲೂ ಹೇಳುತ್ತದೆ. ಶಿಫ್ಟ್-ರೆಡ್ಯೂಸ್ ಮಾತ್ರ ಕೇಳಿದರೆ ಹೇಳುತ್ತದೆ. ಕೇಳುವುದಕ್ಕೆ 'ಡೀಬಗ್' ಆಯ್ಕೆ ಇದೆ, ಆದರೆ ಅದರ ಜೊತೆ ಲಾಗರ್‌ನ (ಸಂದೇಶ ದಾಖಲಿಸುವ ಭಾಗದ) ಮಟ್ಟವನ್ನೂ ಡೀಬಗ್‌ಗೆ ಇಳಿಸಬೇಕು, ಇಲ್ಲದಿದ್ದರೆ ಏನೂ ಕಾಣದು. ಅದಕ್ಕಿಂತ 'ಸ್ಟ್ರಿಕ್ಟ್' ಆಯ್ಕೆ ಒಳ್ಳೆಯದು. 'ಇಂಟರೆಗ್ಯುಲರ್' ಅನ್ನುವ ಇನ್ನೊಂದು ಪ್ಯಾಕೇಜ್ ಹಾಕಿಕೊಳ್ಳಬೇಕು, ಅಷ್ಟೇ. ಆಮೇಲೆ ಶಿಫ್ಟ್-ರೆಡ್ಯೂಸ್ ಬಂದರೂ ಎರರ್, ಎರಡು ಟರ್ಮಿನಲ್‌ಗಳ ಪ್ಯಾಟರ್ನ್ ಒಂದರ ಮೇಲೊಂದು ಬಿದ್ದರೂ ಎರರ್. ನನ್ನ ವ್ಯಾಕರಣಕ್ಕೆ ಇದನ್ನು ಹಾಕಿದ ಕೂಡಲೇ 'ಇಲ್ಲದಿದ್ದರೆ' ಅನ್ನುವ ಪದವನ್ನೇ ಬೊಟ್ಟು ಮಾಡಿ ತೋರಿಸಿತು. ಹೊಸದಾಗಿ ಶುರು ಮಾಡುವವರು ಮೊದಲ ದಿನವೇ ಇದನ್ನು ಹಾಕಿಕೊಂಡು ಶುರು ಮಾಡಿ, ದಯವಿಟ್ಟು.

ಗೊಂದಲವನ್ನು ಕಣ್ಣಾರೆ ನೋಡಬೇಕು ಅಂದರೆ ಅದೇ ವ್ಯಾಕರಣವನ್ನು ಲಾರ್ಕ್‌ನಲ್ಲೇ ಇರುವ ಇನ್ನೊಂದು ವಿಧಾನವಾದ ಅರ್ಲಿ ಪಾರ್ಸರ್‌ಗೆ ಕೊಟ್ಟು 'ಆಂಬಿಗ್ಯುಟಿ' ಆಯ್ಕೆಯನ್ನು 'ಎಕ್ಸ್‌ಪ್ಲಿಸಿಟ್' ಮಾಡಿ. ಆ ಸಾಲಿಗೆ ಎರಡು ಮರ ಪಕ್ಕಪಕ್ಕದಲ್ಲಿ ಬಂದವು. ಒಂದರಲ್ಲಿ 32 ಹೊರಗಿನ ಕೊಂಬೆಗೆ, ಇನ್ನೊಂದರಲ್ಲಿ ಒಳಗಿನದಕ್ಕೆ. ಪ್ರಿಂಟ್ ತೆಗೆದು ಸೆಕ್ರೆಟರಿಯವರಿಗೆ ತೋರಿಸಿ, "ಸಾರ್, ಇದರಲ್ಲಿ ಯಾವುದು?" ಅಂತ ಕೇಳಿದೆ. ತಕ್ಷಣ ಬೆರಳಿಟ್ಟು ತೋರಿಸಿದರು. ಆದರೆ ಇದನ್ನು ಚಿಕ್ಕ ಸಾಲುಗಳಿಗೆ ಮಾತ್ರ ಬಳಸಿ. ಆದ್ಯತೆ ಹೇಳದೆ ಬರೆದ ಕೂಡಿಸುವ ರೂಲ್‌ಗೆ ಹತ್ತು ಸಂಖ್ಯೆ, ಒಂಬತ್ತು ಪ್ಲಸ್ ಕೊಟ್ಟರೆ 4862 ಮರ ಆಗುತ್ತವೆ.

ನನಗೆ ಇಲ್ಲಿ ಜಾಸ್ತಿ ಬೇಕು ಅನ್ನಿಸಿದ್ದು ಗೊಂದಲಕ್ಕೆ ಉದಾಹರಣೆ. ಪಾರ್ಸರ್ ಮಾಡುವ ಇನ್ನೊಂದು ಸಾಧನ ಬೈಸನ್‌ನ 3.7ರಲ್ಲಿ, 2020ರಲ್ಲಿ, ಈ ಸೌಲಭ್ಯ ಬಂತು: ವ್ಯಾಕರಣ ಎಲ್ಲಿ ಎಡವುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಸಾಲನ್ನು ತಾನೇ ಕಟ್ಟಿ ತೋರಿಸುತ್ತದೆ. ಲಾರ್ಕ್ ಪದ ಮತ್ತು ರೂಲ್ ಹೇಳಿ ನಿಲ್ಲಿಸುತ್ತದೆ, ಎಡವುವ ಸಾಲನ್ನು ನಾವೇ ಯೋಚಿಸಬೇಕು. ಅದಕ್ಕೇ 5ಕ್ಕೆ 4 ಕೊಡುತ್ತಿದ್ದೇನೆ.

ನಾನು ಕೊನೆಗೆ ಪ್ರತಿ 'ಆದರೆ'ಗೂ 'ಮುಗಿಯಿತು' ಅನ್ನುವ ಪದ ಕಡ್ಡಾಯ ಮಾಡಿದೆ. ಸ್ಟ್ರಿಕ್ಟ್ ಸುಮ್ಮನಾಯಿತು. "ಮುಗಿಯಿತು ಬಿಟ್ಟುಹೋಗಿದೆ" ಅನ್ನುವ ಹೊಸ ಹೆಸರು ತಪ್ಪುಗಳ ಪಟ್ಟಿಗೆ ಸೇರಿತು, ಸದ್ಯಕ್ಕೆ ಸೆಕ್ರೆಟರಿಯವರಿಗೆ ಹೆಚ್ಚು ಸಲ ಕಾಣುವುದು ಅದೇ, ಅವರೇ ಓದಿ ಅವರೇ ತಿದ್ದಿಕೊಳ್ಳುತ್ತಿದ್ದಾರೆ.