ಅಂಬಾಸಿಡರ್ ಡೀಸೆಲ್: ಕಲಬುರಗಿಯಲ್ಲಿ ಕೊಂಡ ಹಳೆಯ ಕಾರಿನ ವಿಮರ್ಶೆ

ನಾವೇ ದುರಸ್ತಿ ಮಾಡಿಕೊಳ್ಳುತ್ತ ಓಡಿಸುವ ಹವ್ಯಾಸಕ್ಕೆಂದು ಕಲಬುರಗಿಯಲ್ಲಿ ಅಗ್ಗವಾಗಿ ಕೊಂಡ ಈ ಅಂಬಾಸಿಡರ್‌ನಲ್ಲಿರುವುದು 1489 ಸಿಸಿಯ ಡೀಸೆಲ್ ಎಂಜಿನ್. ವೇಗ ಬಯಸುವವರು ಇದರ ಹತ್ತಿರ ಸುಳಿಯದಿರುವುದೇ ಲೇಸು. ಸೇಡಂ ರಸ್ತೆಯಲ್ಲಿ ಲಾರಿಯೊಂದನ್ನು ಹಿಂದಿಕ್ಕಬೇಕಾದರೆ ಎದುರಿನ ದಾರಿ ಬಹುದೂರದವರೆಗೆ ಖಾಲಿ ಇರಬೇಕು. ಆದರೆ ಕಂಪ್ಯೂಟರಾಗಲಿ ಸೆನ್ಸರಾಗಲಿ ಇಲ್ಲದ ಈ ಎಂಜಿನ್ನನ್ನು, ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ) ಮತ್ತು ಗ್ಲೋ ಪ್ಲಗ್‌ಗಳ (ಸ್ಟಾರ್ಟ್ ಮಾಡಲು ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಭಾಗ) ಕೆಲಸ ಬಲ್ಲ ಹಿರಿಯ ಮಿಸ್ತ್ರಿಯೊಬ್ಬರು ಸಾಮಾನ್ಯ ಪಾನಾಗಳಿಂದಲೇ ಬಿಚ್ಚಿ ಕೂಡಿಸಬಲ್ಲರು.

ದಪ್ಪ ತಗಡಿನ ಬಾಡಿ ಗಟ್ಟಿ ಎಂಬ ಮಾರುವವರ ಮಾತಿಗೆ ತಲೆದೂಗುವ ಮೊದಲು ಬಾಗಿಲುಗಳ ಕೆಳಗಂಚು, ಡಿಕ್ಕಿಯ ನೆಲ ಹಾಗೂ ಹಿಂದಿನ ಲೀಫ್ ಸ್ಪ್ರಿಂಗ್ (ಕುಲುಕಾಟ ತಡೆಯುವ ಉಕ್ಕಿನ ಪಟ್ಟಿಗಳು) ಕೂರುವ ಜಾಗಗಳನ್ನು ತಟ್ಟಿ ನೋಡಬೇಕು. ಅಲ್ಲಿ ತುಕ್ಕು ಒಳಗಿನಿಂದ ತಿಂದಿದ್ದರೆ ಟಿಂಕರಿಂಗ್ (ತಗಡು ದುರಸ್ತಿಯ) ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಮೊದಲ ಹಣ ರೇಡಿಯೇಟರ್ ಮತ್ತು ಹೋಸ್ ಪೈಪುಗಳಿಗೆ ಸಲ್ಲಬೇಕು, ಬಣ್ಣದ ಮಾತು ಆಮೇಲೆ. ಹಿಂದಿನ ಸೀಟಿನ ವೈಶಾಲ್ಯಕ್ಕೆ ಮಾತ್ರ ಪೂರ್ಣ ಅಂಕ.

15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ ಆರ್‌ಸಿಯ (ನೋಂದಣಿ ಪತ್ರದ) ಅವಧಿಯನ್ನು ಮುಂಗಡ ಕೊಡುವ ಮೊದಲೇ ಪರಿಶೀಲಿಸಬೇಕು. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿರುವುದರಿಂದ, ಒಳ್ಳೆಯ ಬಿಡಿಭಾಗ ಸಿಕ್ಕಾಗ ಕೊಂಡಿಟ್ಟುಕೊಳ್ಳುವುದು ಒಳಿತು.