ನಾಲ್ಕು ವರ್ಷ, ಮೂರು ಕಾವಲಿ: ನಾನ್‌ಸ್ಟಿಕ್ ಪಾತ್ರೆ ಕೊಳ್ಳುವವರಿಗಾಗಿ ಒಂದು ವಿಮರ್ಶೆ

ನಮ್ಮ ಮನೆಯಲ್ಲಿ ಆರು ಮಂದಿಯಿದ್ದೇವೆ. ವಾರದಲ್ಲಿ ಮೂರು ದಿನವಾದರೂ ಬೆಳಗಿನ ತಿಂಡಿಗೆ ಉದ್ದಿನ ದೋಸೆಯೋ ನೀರುದೋಸೆಯೋ ಆಗಲೇಬೇಕು. ಮಗಳು ಹುಟ್ಟಿದ ಮೇಲೆ ಅಡುಗೆಮನೆಯ ಪಾತ್ರೆಗಳ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕೆಂದು ಹೊರಟು, ಕಳೆದ ನಾಲ್ಕು ವರ್ಷಗಳಲ್ಲಿ ಟೆಫ್ಲಾನ್ ಬಗೆಯ ಲೇಪನದ ಅಲ್ಯೂಮಿನಿಯಂ ತವಾ, ಸೆರಾಮಿಕ್ ಲೇಪನದ ಬಾಣಲೆ ಮತ್ತು ಎರಕದ ಕಬ್ಬಿಣದ ಕಾವಲಿ, ಈ ಮೂರನ್ನೂ ಕೊಂಡು ದಿನನಿತ್ಯ ಬಳಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಆ ಬಳಕೆಯ ಅನುಭವ ಮತ್ತು ಕೊಳ್ಳುವ ಮುನ್ನ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ ಸಂಗತಿಗಳು.

ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ‘ಪಿಎಫ್‌ಒಎ ಮುಕ್ತ’ ಎಂಬ ಮಾತು. ನಮಗೆ ಪಾತ್ರೆ ತೋರಿಸಿದವರೂ ಅದನ್ನೇ ಬೆರಳಿಟ್ಟು ತೋರಿಸಿ, ಇನ್ನು ಭಯವೇ ಬೇಡ ಎಂದರು. ಆ ಮಾತಿನ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ತವಾದ ಮೇಲಿನ ಜಾರುವ ಪದರ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನವಿಜ್ಞಾನಿಗೆ ಬೇರೇನನ್ನೋ ಹುಡುಕುವಾಗ ಆಕಸ್ಮಿಕವಾಗಿ ದೊರೆತ ವಸ್ತು. ಪಿಎಫ್‌ಒಎ ಎಂಬುದು ಈ ಪ್ಲಾಸ್ಟಿಕ್ಕನ್ನು ತಯಾರಿಸುವಾಗ ಕಾರ್ಖಾನೆಯಲ್ಲಿ ನೆರವಿಗೆ ಬಳಸುತ್ತಿದ್ದ ಬೇರೊಂದು ರಾಸಾಯನಿಕ. ಅದು ಮನುಷ್ಯರ ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಾರ್ಖಾನೆಗಳ ಸುತ್ತಲಿನ ನೀರನ್ನು ಕೆಡಿಸಿದ ಇತಿಹಾಸವೂ ಅದಕ್ಕಿದೆ. ಅಮೆರಿಕದ ಪ್ರಮುಖ ತಯಾರಕರು ಅದನ್ನು 2015ರ ಹೊತ್ತಿಗೆ ಕೈಬಿಟ್ಟರು, 2019ರಲ್ಲಿ ಅದು, ಬೇಗ ನಾಶವಾಗದ ವಿಷಕಾರಿ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಹಾಗಾಗಿ ಅದಿಲ್ಲದ ಪಾತ್ರೆಯನ್ನೇ ಕೊಳ್ಳಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಬರಹ ಹೇಳುವುದು ಪಾತ್ರೆ ಹೇಗೆ ತಯಾರಾಯಿತೆಂಬುದನ್ನು ಮಾತ್ರ. ನಮ್ಮ ಒಲೆಯ ಮೇಲೆ ಅದಕ್ಕೇನಾಗುತ್ತದೆ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಒಲೆಯ ಮೇಲೆ ಮುಖ್ಯವಾದದ್ದು ಕಾವು. ಪಿಟಿಎಫ್‌ಇ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಅದನ್ನು ದಾಟಿದರೆ ಕೆಡಲಾರಂಭಿಸುತ್ತದೆ, 350ರ ಆಚೆ ಒಡೆದು ವಿಷಕಾರಿ ಹೊಗೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳಬಹುದು. ಪಂಜರದ ಹಕ್ಕಿಗಳಂತೂ ಅದರಿಂದ ಸತ್ತೇ ಹೋಗುತ್ತವೆ. ಗಿಳಿಯನ್ನೋ ಲವ್‌ಬರ್ಡ್ಸ್‌ಗಳನ್ನೋ ಸಾಕಿದ ಮನೆಯವರಿಗೆ ಈ ಪಾತ್ರೆಯನ್ನು ನಾನು ಖಂಡಿತ ಸೂಚಿಸಲಾರೆ. ಅಷ್ಟು ಕಾವು ಮನೆಯ ಅಡುಗೆಯಲ್ಲಿ ಎಲ್ಲಿಂದ ಬರಬೇಕು ಎಂದುಕೊಂಡಿದ್ದ ನಾನು, ಒಂದು ದಿನ ದೂರದಿಂದಲೇ ಕಾವು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಒಲೆಯ ಮುಂದೆ ನಿಂತೆ. ಕಿಟಕಿಗಳನ್ನೆಲ್ಲ ತೆರೆದು, ಖಾಲಿ ತವಾವನ್ನು ಗ್ಯಾಸಿನ ದೊಡ್ಡ ಬರ್ನರ್ ಮೇಲೆ ಪೂರ್ತಿ ಉರಿಯಲ್ಲಿಟ್ಟಾಗ, ನಾಲ್ಕು ನಿಮಿಷ ತುಂಬುವ ಮೊದಲೇ ನಡುಭಾಗ 250 ತೋರಿಸಿತು, ಅಂಚು ಮಾತ್ರ ಇನ್ನೂ 170ರ ಆಸುಪಾಸಿನಲ್ಲಿತ್ತು. ಕೂಡಲೇ ಒಲೆ ಆರಿಸಿದೆ. ಸಣ್ಣ ಬರ್ನರ್‌ನ ನಡುಉರಿಯಲ್ಲಿ ಅದೇ ತವಾ 190ರ ಆಚೀಚೆ ನಿಂತುಬಿಟ್ಟಿತು, ದೋಸೆಗೆ ಅದು ಧಾರಾಳವಾಗಿ ಸಾಕು.

ನಮ್ಮ ಅಡುಗೆಯ ಪದ್ಧತಿಗೂ ಈ ಪಾತ್ರೆಗೂ ಹೊಂದಾಣಿಕೆಯಾಗದಿರುವುದು ಇಲ್ಲಿಯೇ. ದೋಸೆ ಹುಯ್ಯುವ ಮುನ್ನ ಖಾಲಿ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ನೀರು ಚಿಮುಕಿಸಿ ‘ಚುಂಯ್’ ಎನ್ನುವುದನ್ನು ಕೇಳಿಯೇ ಹಿಟ್ಟು ಹುಯ್ಯುವುದು ನಮಗೆಲ್ಲ ಕೈಗೆ ಬಂದ ಅಭ್ಯಾಸ. ಸಾಸಿವೆ ಸಿಡಿಯುವವರೆಗೆ ಎಣ್ಣೆ ಕಾಯಿಸುವ ಒಗ್ಗರಣೆಯೂ ಹಾಗೆಯೇ. ಲೇಪನದ ಪಾತ್ರೆಗೆ ಖಾಲಿ ಕಾಯುವುದೂ ಆಗದು, ಕಾದ ಮೈಮೇಲೆ ತಣ್ಣೀರು ಬೀಳುವುದೂ ಆಗದು. ಆದ್ದರಿಂದ ನಾನೀಗ ಕಾವಿಗೆ ಮೊದಲೇ ಅರ್ಧ ಚಮಚ ಎಣ್ಣೆ ಹಾಕಿಬಿಡುತ್ತೇನೆ. ಅಡುಗೆಯ ಎಣ್ಣೆಗಳಲ್ಲಿ ಹೆಚ್ಚಿನವು 230ರ ಸುಮಾರಿಗೆ, ತುಪ್ಪ 250ರ ಸುಮಾರಿಗೆ ಹೊಗೆಯಾಡುವುದರಿಂದ, ಎಣ್ಣೆ ಹೊಗೆ ಬಿಟ್ಟಿತೆಂದರೆ ಉರಿ ತಗ್ಗಿಸಬೇಕೆಂಬ ಎಚ್ಚರಿಕೆ ಲೇಪನ ಕೆಡುವ ಮೊದಲೇ ಸಿಕ್ಕಂತಾಗುತ್ತದೆ.

ಕಾವು ಬಿಟ್ಟರೆ ಮುಂದಿನ ಶತ್ರು ಉಜ್ಜುವ ಸ್ಟೀಲ್ ನಾರು. ಲೇಪನದ ಚೂರು ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಗೀರುಗಳ ಕೆಳಗೆ ಬೆತ್ತಲಾದ ಅಲ್ಯೂಮಿನಿಯಂ ಹುಣಸೆಹುಳಿ, ಟೊಮೆಟೊಗಳ ಸಂಪರ್ಕಕ್ಕೆ ಬಂದಾಗ ಅಡುಗೆಯಲ್ಲಿ ಕರಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿಯೂ ಲೇಪನ ಸವೆದ ಪಾತ್ರೆಯನ್ನು ಬದಲಿಸಬೇಕೆಂಬ ಸಲಹೆಯಿದೆ. ನಮ್ಮ ಮೊದಲ ತವಾ ಎರಡೂವರೆ ವರ್ಷ ಬಾಳಿತು. ನಡುವೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೂದುಬಣ್ಣ ಕಾಣಿಸಿಕೊಂಡು, ನೀರುದೋಸೆ ಅಲ್ಲಿಯೇ ಹಿಡಿದು ಹರಿಯಲಾರಂಭಿಸಿದ ದಿನ ಅದನ್ನು ತೆಗೆದುಹಾಕಿದೆ.

ಸೆರಾಮಿಕ್ ಬಾಣಲೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಸಿಲಿಕಾ ಆಧಾರಿತ ಲೇಪನವಾದ್ದರಿಂದ ಮೇಲೆ ಹೇಳಿದ ಬಗೆಯ ಹೊಗೆಯ ಭಯ ಅದರಲ್ಲಿಲ್ಲ, ಅದು ನಿಜವಾದ ಲಾಭ. ಆದರೆ ಒಂಬತ್ತನೆಯ ತಿಂಗಳಿಗೆ ಜಾರುಗುಣ ಹೋಗಿ, ಮೊಟ್ಟೆಯ ಆಮ್ಲೆಟ್ ತಳಕ್ಕೆ ಅಂಟಿ ಕೂತಿತು. ಎರಡು ವರ್ಷದ ವಾರಂಟಿ ಇದೆಯೆಂದು ಕೊಂಡೊಯ್ದರೆ, ಲೇಪನ ಸುಲಿದರೆ ಮಾತ್ರ ವಾರಂಟಿ, ಅಂಟುವುದು ಅದರಲ್ಲಿ ಸೇರಿಲ್ಲ ಎಂದು ಪುಸ್ತಿಕೆಯ ಸಣ್ಣಕ್ಷರಗಳನ್ನು ತೋರಿಸಿ ಕಳುಹಿಸಿದರು. ಅಂಟದಿರುವುದಕ್ಕೆಂದೇ ಮಾರುವ ಪಾತ್ರೆಯ ವಾರಂಟಿಯಲ್ಲಿ ಅಂಟುವುದನ್ನೇ ಹೊರಗಿಡುವುದು ನ್ಯಾಯವಲ್ಲ. ಕೊಳ್ಳುವವರು ದುಡ್ಡು ಕೊಡುವ ಮೊದಲೇ ಆ ಪುಟವನ್ನು ಓದಿಕೊಳ್ಳುವುದು ಒಳ್ಳೆಯದು.

ಮೂರರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಎರಕದ ಕಬ್ಬಿಣದ ಕಾವಲಿ. ಪಳಗಿಸುವುದಕ್ಕೆ ಎರಡು ವಾರ ತಾಳ್ಮೆ ಬೇಕಾಯಿತು. ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ತಿಕ್ಕಿ, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕಾಯಿಸುವುದನ್ನು ಮತ್ತೆ ಮತ್ತೆ ಮಾಡಿದಾಗ ಎಣ್ಣೆಯೇ ಗಟ್ಟಿಯಾದ ಕಪ್ಪು ಪದರವಾಗಿ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ. ಅತ್ತೆಯವರು ಬದನೆಕಾಯಿಯ ತೊಟ್ಟಿನ ಕಡೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಪ್ರತಿ ದೋಸೆಗೂ ಒಂದು ಸುತ್ತು ಸವರುತ್ತಾರೆ. ಮೂರನೆಯ ದೋಸೆಯ ಹೊತ್ತಿಗೆ ಅಂಚು ತಾನಾಗಿಯೇ ಏಳುತ್ತದೆ. ಎಷ್ಟು ಕಾದರೂ ಹೆದರಬೇಕಾಗಿಲ್ಲ, ಪದರ ಹೋದರೆ ಮತ್ತೆ ಪಳಗಿಸಬಹುದು. ದೋಷಗಳೂ ಇವೆ: ಗೊಜ್ಜು, ತೊಕ್ಕುಗಳಂಥ ಹುಳಿಯ ಅಡುಗೆ ಅದರಲ್ಲಿ ಕಪ್ಪಾಗುತ್ತದೆ, ತೊಳೆದು ಒದ್ದೆಯಾಗಿಟ್ಟರೆ ತುಕ್ಕು ಹಿಡಿಯುತ್ತದೆ, ಮತ್ತು ಮಣಿಕಟ್ಟಿನ ನೋವಿರುವ ಅತ್ತೆಯವರಿಗೆ ಅದನ್ನು ಒಲೆಯಿಂದ ಇಳಿಸಲು ನಮ್ಮಲ್ಲೊಬ್ಬರ ನೆರವು ಬೇಕೇ ಬೇಕು.

ಆ ಭಾರದ ಕಾರಣಕ್ಕೆ ಮತ್ತೊಂದು ಪಿಟಿಎಫ್‌ಇ ತವಾ ಕೊಂಡಿದ್ದೇವೆ. ಈ ಬಾರಿ ಆರಿಸುವಾಗ ‘ಐದು ಪದರ’, ‘ಗ್ರಾನೈಟ್’ ಎಂಬ ಹೆಸರುಗಳಿಗೆ ಬೆಲೆ ಕೊಡಲಿಲ್ಲ. ಗ್ರಾನೈಟ್ ಎಂದು ಮಾರುವವುಗಳಲ್ಲಿ ಅನೇಕವು ಚುಕ್ಕಿಯ ವಿನ್ಯಾಸದ ಅದೇ ಲೇಪನಗಳು. ಕೈಯಲ್ಲಿ ಹಿಡಿದು ತೂಕ ನೋಡಿದೆ, ಏಕೆಂದರೆ ತಳ ದಪ್ಪವಿದ್ದಷ್ಟೂ ಕಾವು ಒಂದೇ ಕಡೆ ಏರದೆ ಹರಡುತ್ತದೆ. ಮಟ್ಟಸವಾದ ಕಟ್ಟೆಯ ಮೇಲಿಟ್ಟು ಅಲುಗಾಡುವುದೇ ಎಂದು ಪರೀಕ್ಷಿಸಿದೆ. ಅಲ್ಯೂಮಿನಿಯಂ ಪಾತ್ರೆಗಳಿಗಿರುವ ಐಎಸ್ 1660 ಮಾನಕದಲ್ಲಿ ನಾನ್‌ಸ್ಟಿಕ್ ಲೇಪನದವೂ ಸೇರಿವೆ, ಹಾಗಾಗಿ ಐಎಸ್‌ಐ ಗುರುತನ್ನೂ ಹುಡುಕಿದೆ. ಆಮ್ಲೆಟ್, ಪನೀರ್, ಮಗಳ ಪುಟ್ಟ ರಾಗಿದೋಸೆ ಇಂಥವು ಮಾತ್ರ ಅದರಲ್ಲಿ, ಸಣ್ಣ ಬರ್ನರ್ ಮೇಲೆ, ಮರದ ಸಟ್ಟುಗದಿಂದ ಆಗುತ್ತವೆ. ಒಗ್ಗರಣೆ ಕಬ್ಬಿಣದ ಸೌಟಿಗೆ ಹೋಗಿದೆ. ತವಾದ ಹಿಡಿಯ ಕೆಳಗೆ ಕೊಂಡ ತಿಂಗಳನ್ನು ಮಾರ್ಕರ್‌ನಿಂದ ಬರೆದಿಟ್ಟಿದ್ದೇನೆ, ನಡುವೆ ಬೂದುಬಣ್ಣ ಕಾಣಿಸುವ ದಿನ ಎಷ್ಟು ಬಾಳಿತೆಂದು ಲೆಕ್ಕ ಸಿಗಲಿ ಎಂದು.