ಸ್ಟಿಲ್ ಲೈಫ್ ಕಲಿಯುವವರಿಗೆ ಕ್ಯಾನನ್ 50 ಎಂಎಂ ಎಫ್/1.8 ಲೆನ್ಸ್: ಒಂದು ವಿಮರ್ಶೆ

ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಮಾರುಹೋಗುವುದು ಅದರ ಹೆಸರಿನಲ್ಲಿರುವ 1.8 ಎಂಬ ಅಂಕಿಗೆ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ ಎಷ್ಟು ತೆರೆಯುತ್ತದೆ ಎಂಬುದರ ಅಳತೆ ಅದು; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಮಂದ ಬೆಳಕಿನ ಮದುವೆಮನೆಯಲ್ಲಿ ಚಿತ್ರ ತೆಗೆಯುವವರಿಗೆ, ಹಿನ್ನೆಲೆ ಮಸುಕಾಗಿರುವ ಭಾವಚಿತ್ರ ಬೇಕೆನ್ನುವವರಿಗೆ ಆ ಅಂಕಿ ನಿಜಕ್ಕೂ ಉಪಯುಕ್ತ. ಆದರೆ ಸ್ಟಿಲ್ ಲೈಫ್, ಅಂದರೆ ಕದಲದ ವಸ್ತುಗಳನ್ನು ಜೋಡಿಸಿ ಚಿತ್ರಿಸುವ ಅಭ್ಯಾಸಕ್ಕೆಂದು ಇದನ್ನು ಕೊಳ್ಳುವ ವಿದ್ಯಾರ್ಥಿ ಆ ಅಂಕಿಯನ್ನು ಬದಿಗಿಟ್ಟು, ಎಫ್/8ರಲ್ಲಿ ಈ ಲೆನ್ಸ್ ಹೇಗಿದೆ, ವಸ್ತುವಿಗೆ ಎಷ್ಟು ಹತ್ತಿರ ಹೋಗಬಲ್ಲದು ಎಂದು ಕೇಳಬೇಕು. ಮೊದಲನೆಯದಕ್ಕೆ ಉತ್ತರ ಬಹಳ ಚೆನ್ನಾಗಿದೆ. ಎರಡನೆಯದಕ್ಕೆ ಅಷ್ಟು ಚೆನ್ನಾಗಿಲ್ಲ. ಛಾಯಾಗ್ರಹಣದ ವಿದ್ಯಾರ್ಥಿಯಾಗಿ ಸ್ಥಿರವಸ್ತು ಚಿತ್ರಣದ ಬೇರೆ ಬೇರೆ ಶೈಲಿಗಳನ್ನು ಒಂದೊಂದಾಗಿ ಮಾಡಿ ನೋಡುತ್ತಿರುವ ನಾನು ಈ ಲೆನ್ಸನ್ನು ಎಲ್ಲ ಶೈಲಿಗಳಿಗೂ ಬಳಸಿದ್ದೇನೆ. ಅದು ಎಲ್ಲಿ ಕೈಹಿಡಿಯಿತು, ಎಲ್ಲಿ ಸಾಲದಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಲೆನ್ಸಿನ ವಿವರಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇದು 2015ರಲ್ಲಿ ಮಾರುಕಟ್ಟೆಗೆ ಬಂದದ್ದು. ತೂಕ ಸುಮಾರು 160 ಗ್ರಾಂ, ಫಿಲ್ಟರ್ ಅಳತೆ 49 ಎಂಎಂ, ಅಪರ್ಚರ್‌ಗೆ (ಬೆಳಕಿನ ಕಿಂಡಿಗೆ) ಏಳು ಬ್ಲೇಡುಗಳು, ಕ್ಯಾಮೆರಾಕ್ಕೆ ಕೂರುವ ಮೌಂಟ್ ಲೋಹದ್ದು. ಇದಕ್ಕೂ ಹಿಂದೆ 1990ರಿಂದ ಮಾರಾಟದಲ್ಲಿದ್ದ ಎರಡನೆಯ ಆವೃತ್ತಿಗೆ ಪ್ಲಾಸ್ಟಿಕ್ ಮೌಂಟ್ ಮತ್ತು ಐದೇ ಬ್ಲೇಡುಗಳಿದ್ದವು. ಅದು 45 ಸೆಂ.ಮೀ.ಗಿಂತ ಹತ್ತಿರದ ವಸ್ತುವನ್ನು ಫೋಕಸ್ ಮಾಡುತ್ತಿರಲಿಲ್ಲ. ಈಗಿನದು 35 ಸೆಂ.ಮೀ.ವರೆಗೆ ಹೋಗುತ್ತದೆ. ಸ್ಟಿಲ್ ಲೈಫ್ ಮಾಡುವವರಿಗೆ ಈ 10 ಸೆಂ.ಮೀ. ವ್ಯತ್ಯಾಸ ಲೋಹದ ಮೌಂಟಿಗಿಂತ ದೊಡ್ಡ ಸುಧಾರಣೆ. ನನ್ನ ಕ್ಯಾಮೆರಾ ಕ್ಯಾನನ್ 1500ಡಿ, ಅಂದರೆ ಸೆನ್ಸರ್ ಚಿಕ್ಕದು; ಹಾಗಾಗಿ ಈ ಲೆನ್ಸ್ ಅದರ ಮೇಲೆ 80 ಎಂಎಂ ಲೆನ್ಸಿನ, ಅಂದರೆ ಇನ್ನಷ್ಟು ಕಿರಿದಾದ, ನೋಟವನ್ನು ಕೊಡುತ್ತದೆ. ಇಲ್ಲಿ ಹೇಳುವ ಅಳತೆಗಳೆಲ್ಲ ಆ ಸೆನ್ಸರಿಗೆ ಅನ್ವಯಿಸುತ್ತವೆ.

ಸ್ಟಿಲ್ ಲೈಫ್‌ಗೂ ಛಾಯಾಗ್ರಹಣಕ್ಕೂ ಇರುವ ನಂಟು ಆ ಕಲೆಯಷ್ಟೇ ಹಳೆಯದು. ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ಫ್ರಾನ್ಸಿನ ಡಾಗೇರ್ 1837ರಲ್ಲಿ ತೆಗೆದ, ಪ್ಲಾಸ್ಟರ್ ಶಿಲ್ಪಗಳನ್ನೂ ಇತರ ವಸ್ತುಗಳನ್ನೂ ಕಿಟಕಿಯ ಬಳಿ ಜೋಡಿಸಿದ ಚಿತ್ರ ಇಂದಿಗೂ ಉಳಿದಿದೆ. ಇಂಗ್ಲೆಂಡಿನ ಛಾಯಾಗ್ರಾಹಕ ರೋಜರ್ ಫೆಂಟನ್ 1860ರಲ್ಲಿ ದ್ರಾಕ್ಷಿ, ಅನಾನಸ್‌ಗಳನ್ನು ಒಟ್ಟಿ ತೆಗೆದ ಚಿತ್ರಗಳಲ್ಲಿ ಹಣ್ಣಿನ ಸಿಪ್ಪೆಯ ಒರಟುತನವನ್ನು ಬೆರಳಿನಿಂದ ಮುಟ್ಟಬಹುದೆನ್ನಿಸುತ್ತದೆ. ಆ ಕಾಲದ ದೀರ್ಘ ಎಕ್ಸ್‌ಪೋಷರ್‌ಗೆ ಅಲುಗಾಡದೆ ಕೂರುವ ವಸ್ತುಗಳೇ ಅನುಕೂಲವಾಗಿದ್ದವು. ಇಂದಿಗೂ ಲೆಕ್ಕ ಅದೇ: ವಸ್ತು ಕದಲುವುದಿಲ್ಲ, ಕ್ಯಾಮೆರಾ ಟ್ರೈಪಾಡಿನ ಮೇಲಿದೆ, ಶಟರ್ ಒಂದು ಸೆಕೆಂಡ್ ತೆರೆದಿದ್ದರೂ ನಷ್ಟವಿಲ್ಲ. ಹೀಗಿರುವಾಗ ಬೆಳಕು ಸಾಲದೆಂದು ಎಫ್/1.8ಕ್ಕೆ ತೆರೆಯಬೇಕಾದ ಅಗತ್ಯವೇ ಬರುವುದಿಲ್ಲ. ತೆರೆದರೆ ಆಗುವುದೇನೆಂದು ನೋಡಿ. 35 ಸೆಂ.ಮೀ. ದೂರದಲ್ಲಿ ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ 2 ಮಿ.ಮೀ. ಕೂಡ ಇರುವುದಿಲ್ಲ, ಒಡೆದ ದಾಳಿಂಬೆಯ ಒಂದು ಸಾಲಿನ ಕಾಳುಗಳು ಮಾತ್ರ ಹೊಳೆದು, ಅದರ ಹಿಂದಿನ ಸಾಲು ಕೆಂಪು ಮಬ್ಬಾಗುತ್ತದೆ. ಎಫ್/8ಕ್ಕೆ ಇಳಿಸಿದರೆ ಅದೇ ದೂರದಲ್ಲಿ ಆಳ ಸುಮಾರು 8 ಮಿ.ಮೀ. ಆಗುತ್ತದೆ. ಒಂದು ಮೀಟರಿನಷ್ಟು ಹಿಂದೆ ಸರಿದರೆ ಎಫ್/8ರಲ್ಲಿ ಹತ್ತಿರ ಹತ್ತಿರ 10 ಸೆಂ.ಮೀ. ಸಿಗುತ್ತದೆ, ಚೌಕಟ್ಟಿನ ಅಗಲ 40 ಸೆಂ.ಮೀ. ಇರುತ್ತದೆ. ಒಂದು ತಾಮ್ರದ ಚೊಂಬು, ಎರಡು ಹಣ್ಣು, ಮಡಿಸಿದ ಒಂದು ವಸ್ತ್ರ ಇಷ್ಟನ್ನು ಜೋಡಿಸುವ ಚಿತ್ರಕ್ಕೆ ಇದು ಹೇಳಿ ಮಾಡಿಸಿದ ಅಳತೆ.

ನನ್ನ ಅಭ್ಯಾಸದ ಮೊದಲ ಶೈಲಿ, ಹದಿನೇಳನೆಯ ಶತಮಾನದ ಡಚ್ ವರ್ಣಚಿತ್ರಕಾರರ ಹಾದಿಯಲ್ಲಿ, ಒಂದೇ ಬದಿಯ ಕಿಟಕಿಯ ಬೆಳಕು ಮತ್ತು ಕಡುಗತ್ತಲ ಹಿನ್ನೆಲೆಯದು. ಪೀಟರ್ ಕ್ಲಾಸ್, ವಿಲ್ಲೆಮ್ ಕಾಲ್ಫ್ ಅವರ ಚಿತ್ರಗಳಲ್ಲಿ ಬೆಳ್ಳಿ ತಟ್ಟೆ, ಅರ್ಧ ಸುಲಿದ ನಿಂಬೆ, ಗಾಜಿನ ಬಟ್ಟಲುಗಳಿದ್ದರೆ ನಾನು ಆರಿಸಿಕೊಂಡದ್ದು ಒಂದು ಬಿದರಿ ಹೂದಾನಿ. ಛಾಯಾಗ್ರಹಣದ ವಿದ್ಯಾರ್ಥಿಗೆ ಇದಕ್ಕಿಂತ ಕಠಿಣವಾದ, ಇದಕ್ಕಿಂತ ಉದಾರವಾದ ಗುರು ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ. ಸತುವೇ ಹೆಚ್ಚಾಗಿರುವ, ಸ್ವಲ್ಪ ತಾಮ್ರ ಬೆರೆತ ಲೋಹದಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪಾಗಿಸುತ್ತಾರೆ. ಕಪ್ಪಾಗುವುದು ಮೈಲೋಹ ಮಾತ್ರ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಹೀಗಾಗಿ ಒಂದೇ ವಸ್ತುವಿನ ಮೇಲೆ ಬೆಳಕನ್ನು ನುಂಗುವ ಕಪ್ಪು ಮತ್ತು ಎದುರಿಗಿರುವುದನ್ನೆಲ್ಲ ತೋರುವ ಬೆಳ್ಳಿ ಒತ್ತೊತ್ತಾಗಿ ಇರುತ್ತವೆ. ಬರಿಯ ಬಲ್ಬಿನ ಬೆಳಕು ಬಿಟ್ಟರೆ ಬೆಳ್ಳಿಯ ಮೇಲೆ ಒಂದೆರಡು ಚುಕ್ಕೆಗಳು ಸುಟ್ಟಂತೆ ಬೆಳಗಿ, ಉಳಿದ ಬಳ್ಳಿಯ ಚಿತ್ತಾರವೆಲ್ಲ ಮೈಯ ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಕಿಟಕಿಗೆ ಬಿಳಿ ಪಂಚೆಯನ್ನೋ ಟ್ರೇಸಿಂಗ್ ಪೇಪರನ್ನೋ ಅಡ್ಡ ಕಟ್ಟಿ, ಇನ್ನೊಂದು ಬದಿಯಲ್ಲಿ ಥರ್ಮೋಕೋಲ್ ಹಾಳೆಯೊಂದನ್ನು ನಿಲ್ಲಿಸಿದರೆ, ಆ ಅಗಲವಾದ ಬಿಳುಪು ಬೆಳ್ಳಿಯೊಳಗೆ ಪ್ರತಿಫಲಿಸಿ ಎಲೆ, ಬಳ್ಳಿ, ಹೂವಿನ ಒಂದೊಂದು ಗೆರೆಯೂ ಎದ್ದು ಬರುತ್ತದೆ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಕಪ್ಪನ್ನು ಬೂದು ಮಾಡಲು ಹವಣಿಸುವುದರಿಂದ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟಾದರೂ, ಅಂದರೆ ಬೆಳಕು ಅರ್ಧವಾಗುವಷ್ಟಾದರೂ, ತಗ್ಗಿಸಬೇಕು. ಈ ಕೆಲಸದಲ್ಲಿ ಲೆನ್ಸ್ ಎಫ್/8ರಲ್ಲಿ ತೋರುವ ಸ್ಪಷ್ಟತೆ ಅದರ ಬೆಲೆಗೆ ಹೋಲಿಸಿದರೆ ಅಚ್ಚರಿ ಹುಟ್ಟಿಸುವಂಥದ್ದು: ಕೂದಲೆಳೆಯಂಥ ಬೆಳ್ಳಿ ತಂತಿಯ ಅಂಚು ಚೌಕಟ್ಟಿನ ಮೂಲೆಯಲ್ಲೂ ಕಲೆಸಿಹೋಗದೆ ನಿಲ್ಲುತ್ತದೆ.

ರೂಪವನ್ನೇ ವಿಷಯವಾಗಿಸಿಕೊಳ್ಳುವ ಆಧುನಿಕ ಶೈಲಿಗೆ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಅವರ 1930ರ ದೊಣ್ಣೆ ಮೆಣಸಿನಕಾಯಿಯ ಚಿತ್ರ ಇಂದಿಗೂ ಮೊದಲ ಪಾಠ. ಅವರು ಆ ಮೆಣಸಿನಕಾಯಿಯನ್ನು ಒಂದು ತಗಡಿನ ಆಲಿಕೆಯೊಳಗೆ ಇಟ್ಟಿದ್ದರು. ಆಲಿಕೆಯ ಒಳಮೈ ಸುತ್ತಲಿಂದಲೂ ಬೆಳಕನ್ನು ಮರಳಿಸುವುದರಿಂದ ಉಬ್ಬುಗಳ ನಡುವಿನ ನೆರಳಿಗೂ ಒಂದು ಹದ ಬರುತ್ತದೆ. ನಾನು ಬದನೆಕಾಯಿ, ಹೀರೇಕಾಯಿಗಳೊಂದಿಗೆ ಇದನ್ನು ಮಾಡಿದ್ದೇನೆ. ಇಲ್ಲಿ 50 ಎಂಎಂ ಲೆನ್ಸಿನ ಇನ್ನೊಂದು ಗುಣ ಕೆಲಸಕ್ಕೆ ಬರುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18-55 ಎಂಎಂ ಝೂಮ್ ಲೆನ್ಸನ್ನು 18ರ ತುದಿಯಲ್ಲಿಟ್ಟು ಹತ್ತಿರದಿಂದ ತೆಗೆದರೆ ಬದನೆಕಾಯಿಯ ಮುಂಭಾಗ ಊದಿಕೊಂಡು ತೊಟ್ಟು ಎಲ್ಲೋ ಹಿಂದೆ ಕುಗ್ಗುತ್ತದೆ. 50ರಲ್ಲಿ ದೂರ ನಿಲ್ಲಬೇಕಾಗುವುದರಿಂದ ಕಾಯಿ ತನ್ನ ನಿಜವಾದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಬದನೆಕಾಯಿಯ ನುಣುಪಾದ ಸಿಪ್ಪೆಯ ಮೇಲಿನ ಹೊಳಪನ್ನು ತಗ್ಗಿಸಲು ಪ್ರತಿಫಲಿಸಿದ ಬೆಳಕನ್ನು ತಡೆಯುವ 49 ಎಂಎಂ ಪೋಲರೈಸರ್ ಫಿಲ್ಟರ್ ಸಾಕು, ಅದು ದೊಡ್ಡ ಲೆನ್ಸುಗಳ ಫಿಲ್ಟರಿಗಿಂತ ಅಗ್ಗವೂ ಹೌದು. ಆದರೆ ಅದೇ ಪೋಲರೈಸರ್ ಬಿದರಿಯ ಬೆಳ್ಳಿಯ ಮೇಲೆ ಹೆಚ್ಚೇನೂ ಮಾಡದು, ಏಕೆಂದರೆ ಬರಿಯ ಲೋಹದ ಪ್ರತಿಫಲನ ಆ ರೀತಿ ಧ್ರುವೀಕರಣಗೊಳ್ಳುವುದಿಲ್ಲ. ಲೋಹಕ್ಕೆ ಬೆಳಕಿನ ಜಾಗವನ್ನೇ ಬದಲಿಸಬೇಕು.

ಗಾಜಿನ ಚಿತ್ರಣದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಪ್ರಾಗ್ ನಗರದ ಯೋಸೆಫ್ ಸುದೆಕ್ ಅವರ ಚಿತ್ರಗಳ ಮುಂದೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಅವರು ಭಾರದ ಕ್ಯಾಮೆರಾಗಳನ್ನು ಒಂದೇ ಕೈಯಲ್ಲಿ ನಿಭಾಯಿಸುತ್ತ, ತಮ್ಮ ಸ್ಟುಡಿಯೊದ ಕಿಟಕಿಯನ್ನೂ ಅಲ್ಲಿಟ್ಟ ನೀರಿನ ಲೋಟವನ್ನೂ ಮತ್ತೆ ಮತ್ತೆ ಚಿತ್ರಿಸಿದರು. ಗಾಜಿಗೆ ಎದುರಿನಿಂದ ಬೆಳಕು ಬಿಟ್ಟರೆ ಪ್ರಯೋಜನವಿಲ್ಲ, ಹಿಂದಿನಿಂದ ಬರಬೇಕು. ಹಿನ್ನೆಲೆ ಬೆಳ್ಳಗಿದ್ದರೆ ಲೋಟದ ಅಂಚುಗಳು ಕಪ್ಪು ಗೆರೆಗಳಾಗಿ ಮೂಡುತ್ತವೆ. ಹಿನ್ನೆಲೆಯ ನಡುವೆ ಕಪ್ಪು ಚಾರ್ಟ್ ಪೇಪರ್ ಇಟ್ಟು ಅದರ ಸುತ್ತಲಿಂದ ಮಾತ್ರ ಬೆಳಕು ಬರುವಂತೆ ಮಾಡಿದರೆ ಅದೇ ಅಂಚುಗಳು ಬಿಳಿ ಗೆರೆಗಳಾಗುತ್ತವೆ. ಎರಡರಲ್ಲೂ ಲೆನ್ಸಿನ ಮುಂಗಾಜಿಗೆ ಅನಗತ್ಯ ಬೆಳಕು ತಾಗುವುದರಿಂದ ಕಾಂಟ್ರಾಸ್ಟ್ ಇಳಿದು ಕಪ್ಪು ಬೂದಾಗುವುದುಂಟು. ಅದನ್ನು ತಡೆಯುವ ಹುಡ್ ಲೆನ್ಸಿನೊಂದಿಗೆ ಬರುವುದಿಲ್ಲ, ಇಎಸ್-68 ಎಂಬುದನ್ನು ಬೇರೆಯಾಗಿ ಕೊಳ್ಳಬೇಕು. ಮೇಜಿನ ಕೆಲಸಕ್ಕೆ ಮಾತ್ರವಾದರೆ ಚೌಕಟ್ಟಿನ ಹೊರಗೆ, ಲೆನ್ಸಿನ ಎರಡೂ ಬದಿಗೆ ಕಪ್ಪು ರಟ್ಟು ನಿಲ್ಲಿಸಿದರೂ ಸಾಕಾಗುತ್ತದೆ.

ಇನ್ನು ಈ ಲೆನ್ಸ್ ಒಗ್ಗದ ಶೈಲಿಯ ಮಾತು. ಮೇಲಿನಿಂದ ನೇರವಾಗಿ ಕೆಳಕ್ಕೆ ನೋಡುವ ಫ್ಲ್ಯಾಟ್ ಲೇ ಚಿತ್ರಗಳು ಈಗ ಅಡುಗೆಯ ಪುಟಗಳಲ್ಲೆಲ್ಲ ಕಾಣುತ್ತವೆ. ಬಾಳೆಎಲೆ ಊಟವನ್ನು ಈ ರೀತಿ ತೆಗೆಯಬೇಕೆಂದುಕೊಳ್ಳಿ. ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ನಡುವೆ ಅನ್ನ, ಇಷ್ಟೆಲ್ಲ ಬಡಿಸಿದ 60 ಸೆಂ.ಮೀ. ಉದ್ದದ ಎಲೆ ಚೌಕಟ್ಟಿನೊಳಗೆ ಪೂರ್ತಿ ಬರಲು ಕ್ಯಾಮೆರಾ ಎಲೆಯಿಂದ ಒಂದೂವರೆ ಮೀಟರಿನಷ್ಟು ಎತ್ತರದಲ್ಲಿರಬೇಕು. ಎಲೆಯನ್ನು ಮೇಜಿನ ಮೇಲೆ ಹಾಸಿದರೆ ಕ್ಯಾಮೆರಾ ನೆಲದಿಂದ ಏಳಡಿಗೂ ಮೇಲಕ್ಕೆ ಹೋಗುತ್ತದೆ; ವಿದ್ಯಾರ್ಥಿಗಳ ಬಳಿಯಿರುವ ಟ್ರೈಪಾಡ್ ಅಲ್ಲಿಗೆ ಮುಟ್ಟುವುದಿಲ್ಲ, ಮುಟ್ಟಿದರೂ ಅಡ್ಡಗೋಲಿಗೆ ಕಟ್ಟಿದ ಕ್ಯಾಮೆರಾ ಬಾಗಿ ಅಪಾಯವಾಗುತ್ತದೆ. ಎಲೆಯನ್ನು ನೆಲದ ಮೇಲೆ ಹಾಸಿ, ಎದುರಿಗೆ ತೆರೆದ ಬಾಗಿಲ ಬೆಳಕನ್ನು ನೆಚ್ಚಿಕೊಳ್ಳುವುದು ಒಂದು ದಾರಿ. ಇಲ್ಲವೇ 18-55 ಲೆನ್ಸನ್ನು 24ರ ಆಸುಪಾಸಿಗೆ ಇಟ್ಟರೆ ಅರ್ಧ ಎತ್ತರದಲ್ಲೇ ಕೆಲಸ ಮುಗಿಯುತ್ತದೆ. ಫ್ಲ್ಯಾಟ್ ಲೇ ಒಂದನ್ನೇ ಮಾಡುವವರು ಇದಕ್ಕೆ ಹಣ ಹಾಕುವ ಅಗತ್ಯವಿಲ್ಲ.

ಹತ್ತಿರದ ಚಿತ್ರಗಳ ವಿಚಾರ ಇದಕ್ಕಿಂತ ಮುಖ್ಯ, ಮತ್ತು ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಈ ಲೆನ್ಸಿನ ಗರಿಷ್ಠ ವರ್ಧನೆ (ಸೆನ್ಸರಿನ ಮೇಲೆ ಬೀಳುವ ಬಿಂಬಕ್ಕೂ ವಸ್ತುವಿನ ನಿಜ ಗಾತ್ರಕ್ಕೂ ಇರುವ ಅನುಪಾತ) 0.21, ಅಂದರೆ ಎಷ್ಟೇ ಹತ್ತಿರ ಹೋದರೂ ಚೌಕಟ್ಟಿನಲ್ಲಿ ಹತ್ತೂವರೆ ಸೆಂ.ಮೀ. ಅಗಲದಷ್ಟು ಜಾಗ ಬಂದೇ ಬರುತ್ತದೆ. ಒಂದು ಇಡೀ ದಾಳಿಂಬೆಗೆ ಇದು ಒಪ್ಪುತ್ತದೆ, ಅದರ ನಾಲ್ಕು ಕಾಳುಗಳಿಗೆ ಒಪ್ಪುವುದಿಲ್ಲ. 1500ಡಿಯೊಂದಿಗೆ ಬರುವ 18-55 ಐಎಸ್ ಎರಡನೆಯ ಆವೃತ್ತಿಯ ವರ್ಧನೆ 0.34. ಹತ್ತಿರಕ್ಕೆ ಹೋಗುವ ಶಕ್ತಿಯಲ್ಲಿ ಪೆಟ್ಟಿಗೆಯಲ್ಲೇ ಬಂದ ಲೆನ್ಸು ಇದಕ್ಕಿಂತ ಮುಂದಿದೆ ಎಂದಾಯಿತು. ಆದ್ದರಿಂದ ಮಲ್ಲಿಗೆ ಮೊಗ್ಗಿನ ತುದಿ, ಏಲಕ್ಕಿಯ ಒಡಲು, ನಾಣ್ಯದ ಅಕ್ಷರ ಇಂಥವುಗಳ ಆಸೆಯಿಂದ ಇದನ್ನು ಕೊಳ್ಳಬಾರದು. ಕೊಂಡವರು 12 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ ಒಂದನ್ನು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸಿದರೆ ವರ್ಧನೆ ಸರಿಸುಮಾರು ದುಪ್ಪಟ್ಟಾಗುತ್ತದೆ. ಟ್ಯೂಬಿನೊಳಗೆ ಗಾಜಿಲ್ಲದ ಕಾರಣ ಚಿತ್ರದ ಗುಣಮಟ್ಟಕ್ಕೆ ದೊಡ್ಡ ಪೆಟ್ಟೇನೂ ಬೀಳದು; ದೂರದ ವಸ್ತು ಮಾತ್ರ ಫೋಕಸ್ ಆಗುವುದಿಲ್ಲ. ಕ್ಯಾಮೆರಾದಿಂದಲೇ ಅಪರ್ಚರ್ ಬದಲಿಸಲು ವಿದ್ಯುತ್ ಸಂಪರ್ಕವಿರುವ ಟ್ಯೂಬನ್ನೇ ಕೇಳಿ ಪಡೆಯಬೇಕು, ಸಂಪರ್ಕವಿಲ್ಲದ ಅಗ್ಗದ ಟ್ಯೂಬುಗಳು ಈ ಲೆನ್ಸಿಗೆ ನಿಷ್ಪ್ರಯೋಜಕ.

ಫೋಕಸ್ ರಿಂಗಿನ ಬಗ್ಗೆಯೂ ಹೇಳಬೇಕಾದದ್ದಿದೆ. ಅದು ಲೆನ್ಸಿನೊಳಗಿನ ಗಾಜನ್ನು ನೇರವಾಗಿ ಸರಿಸುವುದಿಲ್ಲ, ಮೋಟರಿಗೆ ಸೂಚನೆ ಕೊಡುತ್ತದೆ ಅಷ್ಟೆ. ಕ್ಯಾಮೆರಾ ನಿದ್ರೆಗೆ ಜಾರಿದ್ದಾಗ ರಿಂಗ್ ತಿರುಗಿಸಿದರೆ ಏನೂ ಆಗುವುದಿಲ್ಲ. ದೂರದ ಗುರುತುಗಳೂ ಅದರ ಮೇಲಿಲ್ಲ. ಹಳೆಯ ಕೈಚಾಲಿತ ಲೆನ್ಸುಗಳ ರಿಂಗಿನ ಹದವಾದ ಬಿಗಿ ಬಲ್ಲವರಿಗೆ ಇದು ರುಚಿಸದು, ನನಗೂ ರುಚಿಸಿಲ್ಲ. ಹಾಗಿದ್ದರೂ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ, ಹತ್ತು ಪಟ್ಟು ಹಿಗ್ಗಿಸಿ ನೋಡುತ್ತ ರಿಂಗ್ ತಿರುಗಿಸಿದರೆ ಫೋಕಸ್ ಕರಾರುವಾಕ್ಕಾಗಿ ಕೂರುತ್ತದೆ, ಮತ್ತು 1.8 ಎಂಬ ಅಂಕಿ ಸ್ಟಿಲ್ ಲೈಫ್ ಮಾಡುವವರಿಗೆ ನಿಜವಾಗಿ ನೆರವಾಗುವ ಒಂದೇ ಜಾಗ ಇದು: ಫೋಕಸ್ ಮಾಡುವ ಹೊತ್ತಿನಲ್ಲಿ ಲೆನ್ಸ್ ಪೂರ್ತಿ ತೆರೆದಿರುವುದರಿಂದ ಮಬ್ಬುಗತ್ತಲಲ್ಲೂ ಪರದೆ ಬೆಳಗಿ ಕಾಣುತ್ತದೆ. ಆಮೇಲೆ ಎರಡು ಸೆಕೆಂಡಿನ ಟೈಮರ್ ಹಾಕಿ ಕೈಬಿಟ್ಟರಾಯಿತು. ಎಫ್/16 ದಾಟಿ ಕಿರಿದಾಗಿಸಿದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಚಿತ್ರವೆಲ್ಲ ತುಸು ಮೆತ್ತಗಾಗುತ್ತದೆ, ಹಾಗಾಗಿ ಎಫ್/11ಕ್ಕೆ ನಿಲ್ಲುವುದು ಒಳ್ಳೆಯದು.

ಹೊಸದಾಗಿ ಕೊಳ್ಳುವುದಾದರೆ ಹತ್ತು ಸಾವಿರ ರೂಪಾಯಿಯ ಆಸುಪಾಸು ಇಟ್ಟುಕೊಳ್ಳಬೇಕು. ಟ್ರೈಪಾಡ್ ಇಲ್ಲದವರು ಮೊದಲು ಗಟ್ಟಿಯಾದ ಟ್ರೈಪಾಡ್ ಕೊಂಡು, 18-55ರಲ್ಲೇ ಅಭ್ಯಾಸ ಶುರುಮಾಡಿ, ಆಮೇಲೆ ಇದರತ್ತ ಬರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾನನ್‌ನ ಮಿರರ್‌ಲೆಸ್ ಆರ್ ಸರಣಿಯ ಕ್ಯಾಮೆರಾ ಇರುವವರು ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದಾದರೂ, 2020ರಲ್ಲಿ ಬಂದ ಆರ್‌ಎಫ್ 50 ಎಂಎಂ ಎಫ್/1.8 ಎಸ್‌ಟಿಎಂ 30 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ, ಅದರ ವರ್ಧನೆ 0.25; ಮೇಜಿನ ಮೇಲಿನ ಕೆಲಸಕ್ಕೆ ಅದನ್ನೇ ಆರಿಸಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಫೋಕಸ್ ಮಾಡುವಾಗ ಮುಂದಕ್ಕೆ ಚಾಚಿಕೊಳ್ಳುವ ಒಳಕೊಳವೆ ಅಲುಗದೆ ನೇರವಾಗಿ ಚಲಿಸುತ್ತಿದೆಯೇ ಎಂದು ಪರೀಕ್ಷಿಸಿ, ಎಫ್/8ರಲ್ಲಿ ಅಚ್ಚಾದ ಪುಟವೊಂದನ್ನು ತೆಗೆದು ಅದರ ನಾಲ್ಕೂ ಮೂಲೆಗಳ ಅಕ್ಷರಗಳನ್ನು ಹಿಗ್ಗಿಸಿ ನೋಡಿ ಹಣ ಕೊಡುವುದು ಕ್ಷೇಮ.